ಹೂಂಗುಟ್ಟಿದ ತಪ್ಪಿಗೆ

ಅವರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ನಡುವಿನ ಗೆಣ್ಣಿನ ಮೇಲೆ ಚರ್ಮ ಮಡಚಿಕೊಂಡು, ಹೊಲಿಗೆ ಹಾಕಿದ ಗುರುತು ಹಾಗೇ ಉಳಿದಿತ್ತು. ಆ ಅರ್ಧ ಬೆರಳನ್ನು ಗಾಳಿಯಲ್ಲಿ ಆಡಿಸಿಯೇ ಅವರು ನನಗೆ ಚೀನೀ ಭಾಷೆಯ ನಾಲ್ಕು ಸ್ವರಗಳನ್ನು ಕಲಿಸಿದ್ದು. ಬೆರಳು ಅಡ್ಡಕ್ಕೆ ನೆಟ್ಟಗೆ ಹೋದರೆ ಮೊದಲನೆಯದು, ಮೇಲೇರಿದರೆ ಎರಡನೆಯದು, ಇಳಿದು ಏರಿದರೆ ಮೂರನೆಯದು, ಸಟ್ಟನೆ ಕೆಳಗೆ ಬಿದ್ದರೆ ನಾಲ್ಕನೆಯದು. ಉಳಿದರ್ಧ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ, “ಚೀನಾದಾಗ ಐತಿ. ಅದಕ್ಕ ಪಾಸ್‌ಪೋರ್ಟ್ ಇರಲಿಲ್ಲ, ಅಲ್ಲೇ ಇಟ್ಕೊಂಡ್ರು” ಎಂದು ನಗುತ್ತಿದ್ದರು.

ರಾಮದುರ್ಗದಲ್ಲಿ ನಮ್ಮ ಮನೆಯ ಹಿಂದಿನ ಓಣಿ ನೇಕಾರರದು. ಅಲ್ಲಿ ಅವರು ಮಗ್ಗಗಳ ಫಿಟ್ಟರ್. ನಾನು ಸಣ್ಣವಳಿದ್ದಾಗಿನಿಂದ ಅವರನ್ನು ಫಿಟ್ಟರ್ ಕಾಕಾ ಎಂದೇ ಕರೆದವಳು. ಮಗ್ಗ ಮಾರುವ ವ್ಯಾಪಾರಿಯೊಬ್ಬ, ಹೊಸ ನಮೂನೆಯ ಮಗ್ಗ ಜೋಡಿಸುವುದನ್ನು ಕಲಿತು ಬಾ ಎಂದು ಅವರನ್ನು ಮೂರು ತಿಂಗಳ ಮಟ್ಟಿಗೆ ಚೀನಾಕ್ಕೆ ಕಳಿಸಿದ್ದ. ಇವರು ಹನ್ನೊಂದು ವರ್ಷ ಉಳಿದರು. ಮಗ್ಗ ಕೊಳ್ಳಲು ಹೋದ ನಮ್ಮ ಕಡೆಯವರಿಗೂ ಅಲ್ಲಿನ ಕಾರಖಾನೆಯವರಿಗೂ ನಡುವೆ ಮಾತು ಹೊತ್ತು ತಿರುಗುವುದೇ ಅವರ ಕೆಲಸವಾಯಿತು. ಒಂದು ದಿನವೂ ಪಾಠ ಹೇಳಿಸಿಕೊಂಡವರಲ್ಲ. ಕೆಲಸಗಾರರ ಸಾಲಿನಲ್ಲಿ ಕೂತು ಉಂಡು, ಅವರ ಜೊತೆ ಜಗಳವಾಡಿ, ಕಿವಿಯಿಂದಲೇ ಆ ಭಾಷೆಯನ್ನು ಒಳಗೆ ತೆಗೆದುಕೊಂಡಿದ್ದರು. ಅಲ್ಲಿಯವರು ಅವರನ್ನು ‘ಶೀಫು’ ಎನ್ನುತ್ತಿದ್ದರಂತೆ. ಉಸ್ತಾದ ಎಂದು ಅರ್ಥ.

ಕಿವಿಯೆಂದರೆ ಅಂತಿಂಥ ಕಿವಿಯಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಎದುರಿನ ಶೆಡ್ಡಿನಲ್ಲಿ ಇಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿರುವಾಗ, “ಆ ಮೂರನೇದ್ದು ಕುಂಟಾಕ ಹತ್ತೇತಿ, ಬಂದ್ ಮಾಡಂತ ಹೇಳ್ರಿ” ಎನ್ನುತ್ತಿದ್ದರು. ಹೋಗಿ ನೋಡಿದರೆ ಯಾವುದೋ ತಿರುಪು ಸಡಿಲಾಗಿರುತ್ತಿತ್ತು.

ನಾನು ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದೆ. ಕೊರೊನಾ ಬಂದಾಗ ಊರಿಗೆ ಬಂದವಳು ಇಲ್ಲೇ ಸಿಕ್ಕಿಬಿದ್ದೆ. ಕ್ಲಾಸುಗಳು ಮೊಬೈಲಿನಲ್ಲಿ ನಡೆಯುತ್ತಿದ್ದವು. ಆದರೆ ಚೀನೀ ಭಾಷೆಯ ನಾಲ್ಕನೇ ಮಟ್ಟದ ಪರೀಕ್ಷೆ ಪಾಸಾಗದಿದ್ದರೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇಲ್ಲ, ಇಂಟರ್ನ್‌ಶಿಪ್ ಇಲ್ಲದಿದ್ದರೆ ಡಿಗ್ರಿ ಇಲ್ಲ. ನಾನು ಒಂದು ಸಲ ಕೂತು ಫೇಲಾಗಿದ್ದೆ. ಓದುವುದು ಬರೆಯುವುದು ಹೇಗೋ ಆಗುತ್ತಿತ್ತು, ಕೇಳಿ ಉತ್ತರಿಸುವ ಭಾಗದಲ್ಲಿ ಮಣ್ಣು ಮುಕ್ಕಿದ್ದೆ. ಅವ್ವ ನನ್ನ ಕೈ ಹಿಡಿದು ಹಿಂದಿನ ಓಣಿಗೆ ಕರೆದುಕೊಂಡು ಹೋದಳು.

“ಈಕೀ ಕಿವ್ಯಾಗ ಏನೂ ಹೋಗವಲ್ತರಿ, ನೀವಾ ಏನಾರ ಮಾಡ್ರಿ” ಎಂದಳು.

“ಬಾರವ್ವಾ, ಕುಂಡ್ರು. ನಿನ್ನ ಕಿವಿ ನಾ ತೆರಸ್ತೇನಿ, ನನ್ನ ಕಣ್ಣ ನೀ ತೆರಸು” ಎಂದರು ಕಾಕಾ.

ಅವರ ಕಷ್ಟ ನನ್ನದಕ್ಕೆ ಉಲ್ಟಾ. ಮಾತು ನೀರು ಕುಡಿದಂತೆ ಬರುತ್ತಿತ್ತು, ಅಕ್ಷರ ಮಾತ್ರ ಮಗ್ಗದ ಗುಂಡಿಗಳ ಮೇಲೆ ಇದ್ದಷ್ಟೇ ಗೊತ್ತು. ಸವದತ್ತಿ ದಾಟಿ ಬೈಲಹೊಂಗಲದ ರಸ್ತೆಯಲ್ಲಿ ಆಗ ಒಂದು ಹೊಸ ಗಿರಣಿ ಏಳುತ್ತಿತ್ತು. ಮಗ್ಗಗಳೆಲ್ಲ ಚೀನಾದವು. ಅಲ್ಲಿನ ಇಂಜಿನಿಯರುಗಳ ಜೊತೆ ಮಾತಾಡಲು ಒಬ್ಬ ದುಭಾಷಿ ಬೇಕಾಗಿದ್ದ. ಕಾಕಾ ಹೋಗಿ ಕೇಳಿದ್ದಕ್ಕೆ ಮ್ಯಾನೇಜರು, ನಾಲ್ಕನೇ ಮಟ್ಟದ ಸರ್ಟಿಫಿಕೇಟ್ ತನ್ನಿ ಎಂದಿದ್ದರು. ಕಾಕಾನಿಗೆ ಐವತ್ತಾರು ವರ್ಷ. ಅರಳೆಯ ಧೂಳು ಕುಡಿದೂ ಕುಡಿದೂ ಎದೆ ಸೀಳಿದ ಪೀಪಿಯಂತೆ ಸುಯ್ಗುಡುತ್ತಿತ್ತು. ಶೆಡ್ಡು ಬಿಡದಿದ್ದರೆ ಐದು ವರ್ಷವೂ ನಡೆಯುವುದಿಲ್ಲ ಎಂದು ಧಾರವಾಡದ ಡಾಕ್ಟರು ಹೇಳಿ ಕಳಿಸಿದ್ದರು. ದುಭಾಷಿಯ ಕೆಲಸವೆಂದರೆ ಗಾಜಿನ ಕೋಣೆ, ಅಲ್ಲೊಂದು ಕುರ್ಚಿ. ಧೂಳು ಒಳಗೆ ಬರುವುದಿಲ್ಲ. ಅವರಿಗೆ ಬೇಕಾಗಿದ್ದುದು ಆ ಕುರ್ಚಿ.

ಒಂಬತ್ತು ತಿಂಗಳು ನಾವು ಹೀಗೆ ಓದಿದೆವು. ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ನಾನು ಪಾಟಿಯ ಮೇಲೆ ಅಕ್ಷರ ಬರೆಯುತ್ತಿದ್ದೆ, ಅವರು ಅದರ ಮೇಲೆಯೇ ತಿದ್ದಿ ಕಲಿಯುತ್ತಿದ್ದರು. ಅವರು ಮಾತಾಡುತ್ತಿದ್ದರು, ನಾನು ತಡವರಿಸಿ ಉತ್ತರ ಕೊಡುತ್ತಿದ್ದೆ. ನಡುವೆ ಕನ್ನಡ ಆಡುವಂತಿರಲಿಲ್ಲ. ಕಾಕು, ಅಂದರೆ ಅವರ ಹೆಂಡತಿ, ಚಹಾ ಬೇಕೇ ಎಂದರೂ ಅವರು ಚೀನಿಯಲ್ಲೇ ಉತ್ತರಿಸಿ ಬೈಸಿಕೊಳ್ಳುತ್ತಿದ್ದರು. ತಪ್ಪು ಸ್ವರ ಹಚ್ಚಿದರೆ ನನ್ನ ಮೊಣಕೈಗೆ ಆ ಅರ್ಧ ಬೆರಳಿನಿಂದ ಒಂದು ಪೆಟ್ಟು. ನನ್ನ ಕಾಲೇಜಿನವರು ಮೂರು ವರ್ಷದಲ್ಲಿ ಕಲಿಸದ್ದನ್ನು ಅವರು ಆರು ತಿಂಗಳಲ್ಲಿ ಕಲಿಸಿದರು.

ಅವರಲ್ಲಿ ಒಂದು ಚಟವಿತ್ತು. ಚಟ ಎನ್ನಬಾರದು, ನಮ್ಮ ಕಡೆಯ ಹಿರಿಯರೆಲ್ಲರಲ್ಲೂ ಇರುವ ಮರ್ಯಾದೆ ಅದು. ಎದುರಿಗಿದ್ದವರು ಮಾತಾಡುವಾಗ ಹೂಂಗುಟ್ಟದೆ ಕೂರುವುದು ನಮ್ಮಲ್ಲಿ ಅಪಮಾನ ಮಾಡಿದ ಹಾಗೆ. ಮಾದರಿ ಪರೀಕ್ಷೆಯ ಧ್ವನಿಯನ್ನು ಮೊಬೈಲಿನಲ್ಲಿ ಹಚ್ಚಿದರೆ, ಅದರಲ್ಲಿನ ಹೆಂಗಸು ನಾಳೆ ವಿಮಾನ ನಿಲ್ದಾಣಕ್ಕೆ ಹೋಗಬೇಕು ಎನ್ನುತ್ತಿದ್ದಂತೆ ಕಾಕಾ “ಹೂಂ” ಎನ್ನುತ್ತಿದ್ದರು. ಗಂಡಸು, ಹೊರಗೆ ಮಳೆ ಇದೆ ಎಂದರೆ “ಹಾಂ ಹಾಂ.”

“ಕಾಕಾ, ಆಕೀ ನಿಮಗ ಹೇಳಾಕ ಹತ್ತಿಲ್ಲರಿ, ಅದು ರೆಕಾರ್ಡ್.”

“ಗೊತ್ತೈತಿ ಯವ್ವಾ. ಆದ್ರ ಅಷ್ಟ ಛಂದ ಮಾತಾಡಾಕ ಹತ್ಯಾಳ, ಹೂಂ ಅನ್ನದ ಕುಂತ್ರ ಆಕೀಗೆ ಏನ ಅನಸಬೇಕು?”

ಪರೀಕ್ಷೆಯ ಕೋಣೆಯಲ್ಲಿ ತುಟಿ ಬಿಚ್ಚುವಂತಿಲ್ಲ ಎಂದು ನಾನು ಹೆದರಿಸಿದ ಮೇಲೆ ಅವರೇ ಒಂದು ದಾರಿ ಹುಡುಕಿದರು. ಹಲ್ಲಿನ ನಡುವೆ ಒಂದು ಲವಂಗ ಕಚ್ಚಿಕೊಂಡು ಕೂರುವುದು. ಬಾಯಿ ತೆರೆದರೆ ಬೀಳುತ್ತದೆ, ಎಚ್ಚರವಾಗುತ್ತದೆ. ಕೊನೆಯ ಎರಡು ತಿಂಗಳು ಲವಂಗದ ಮೇಲೆಯೇ ನಡೆಯಿತು. ಕೇಳುವ ಭಾಗದಲ್ಲಿ ಅವರಿಗೆ ಒಂದೂ ಉತ್ತರ ತಪ್ಪುತ್ತಿರಲಿಲ್ಲ. ಓದುವುದರಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ. ಕೂಡಿಸಿದರೆ ಪಾಸು.

ಪರೀಕ್ಷೆ ಮುಂಬಯಿಯಲ್ಲಿತ್ತು. ನಾವಿಬ್ಬರೂ, ಜೊತೆಗೆ ಕಾಕುವೂ ಹೊರಟೆವು. ಕಾಕು ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಂಡಿದ್ದಳು. ಕಾಕಾ ಮಗನ ಮದುವೆಯಲ್ಲಿ ಹೊಲಿಸಿದ ಬಿಳಿ ಅಂಗಿ ಹಾಕಿದ್ದರು. ಬಾಗಿಲಲ್ಲಿ ಎಲ್ಲರ ಜೇಬು ತಪಾಸಣೆ ನಡೆದಿತ್ತು. ಬಾಯಲ್ಲಿ ಏನೂ ಇರಬಾರದು ಎಂದು ಬೋರ್ಡು ಹಾಕಿದ್ದರು. ಅದನ್ನು ಓದಿದವಳು ನಾನೇ.

“ಕಾಕಾ, ಲವಂಗ ಉಗಳ್ರಿ. ನೋಡಿದ್ರ ಒಳಗ ಬಿಡಂಗಿಲ್ಲ.”

ಅವರು ಅಂಗೈಗೆ ಉಗುಳಿ ಕಾಕುವಿನ ಕೈಗೆ ಕೊಟ್ಟರು.

ಮೂವತ್ತು ಮಂದಿ ಇದ್ದೆವು, ಹೆಚ್ಚಿನವರು ನನ್ನಂಥ ಹುಡುಗ ಹುಡುಗಿಯರು. ಕಾಕಾನ ಬೆಂಚು ನನ್ನ ಬಲಕ್ಕೆ. ಗೋಡೆಯ ಮೇಲಿನ ಸ್ಪೀಕರಿನಿಂದ ಧ್ವನಿ ಬರಲು ಶುರುವಾಯಿತು. ಮೊದಲು ಒಂದು ಸಣ್ಣ ಮಾತು, ಅದರ ಹಿಂದೆ ಒಂದು ವಾಕ್ಯ. ವಾಕ್ಯ ಸರಿಯೋ ತಪ್ಪೋ ಗುರುತು ಹಾಕಬೇಕು. ಪ್ರತಿಯೊಂದನ್ನೂ ಕೇಳಿಸುವುದು ಒಂದೇ ಸಲ. ಮೊದಲೆರಡಕ್ಕೆ ಕಾಕಾ ತುಟಿ ಬಿಗಿ ಹಿಡಿದಿದ್ದರು. ಮೂರನೆಯದು, ಮುದುಕನೊಬ್ಬ ತನ್ನ ಹಳೆಯ ಮನೆಯ ಬಗ್ಗೆ ಹೇಳುವ ಮಾತು. ಕಾಕಾ ಎಲ್ಲಿದ್ದೇನೆ ಎಂಬುದನ್ನೇ ಮರೆತರು.

“ಹೂಂ” ಎಂದರು, ಬಹಳ ಅಕ್ಕರೆಯಿಂದ.

ಮೇಲ್ವಿಚಾರಕಿ ತುಟಿಯ ಮೇಲೆ ಬೆರಳಿಟ್ಟಳು. ಕಾಕಾ ತಲೆಯಾಡಿಸಿದರು. ನಾಲ್ಕನೆಯದಕ್ಕೆ ಮತ್ತೆ “ಹೂಂ.” ಐದನೆಯದಕ್ಕೆ “ಹಾಂ.” ಆಕೆ ನಮ್ಮ ಬೆಂಚುಗಳ ನಡುವೆ ಬಂದು ನಿಂತಳು. ಅವರು ಯಾರಿಗೋ ಉತ್ತರದ ಸನ್ನೆ ಮಾಡುತ್ತಿದ್ದಾರೆ ಎಂದು ಆಕೆಗೆ ಅನಿಸಿತ್ತು. ಅವರು ಸರಿಗೂ ಹೂಂ ಎನ್ನುತ್ತಿದ್ದರು, ತಪ್ಪಿಗೂ ಹೂಂ ಎನ್ನುತ್ತಿದ್ದರು, ಸ್ವಲ್ಪ ಕಿವಿಗೊಟ್ಟಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಆಕೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು, ಇವರು ನಿಮ್ಮ ಜೊತೆ ಬಂದವರೇ?

ಸ್ಪೀಕರಿನಲ್ಲಿ ಆರನೆಯ ಮಾತು ಶುರುವಾಗಿತ್ತು. ಹೌದು ಎಂದರೆ ಇಬ್ಬರ ಪೇಪರೂ ಹೋಗುತ್ತದೆ ಎಂದು ನನಗೆ ಅನಿಸಿತು. ಬಿಡಿಸಿ ಹೇಳಲು ಹೋದರೆ ಆರನೆಯದು ಹೋಗುತ್ತದೆ, ಏಳನೆಯದೂ ಹೋಗುತ್ತದೆ. ಇದನ್ನೆಲ್ಲ ಲೆಕ್ಕ ಹಾಕಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಅಲ್ಲ ಎಂದು ತಲೆ ಅಲ್ಲಾಡಿಸಿದೆ.

ಕಾಕಾ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಪೆನ್ಸಿಲು ರಬ್ಬರು ಜೇಬಿಗೆ ಹಾಕಿಕೊಂಡು, ಮೇಲ್ವಿಚಾರಕಿಗೆ ತಗ್ಗಿದ ದನಿಯಲ್ಲಿ ಚೀನೀ ಭಾಷೆಯಲ್ಲಿ ಕ್ಷಮೆ ಕೇಳಿದರು. ನಿಮ್ಮ ಕೆಲಸಕ್ಕೆ ಅಡ್ಡಿ ಮಾಡಿದೆ, ವಯಸ್ಸಾದವನ ರೂಢಿ, ಸಿಟ್ಟಾಗಬೇಡಿ ಎಂದು. ಆ ಕೋಣೆಯಲ್ಲಿ ಅಷ್ಟು ಚೆನ್ನಾಗಿ ಆ ಭಾಷೆ ಆಡಬಲ್ಲವರು ಇನ್ನೊಬ್ಬರಿರಲಿಲ್ಲ. ಆಕೆ ಅರ್ಥವಾಗದೆ ಬಾಗಿಲು ತೋರಿಸಿದಳು. ನಾನು ಆರನೆಯದಕ್ಕೆ ಸರಿಯಾದ ಗುರುತು ಹಾಕಿದೆ.

ಎಲ್ಲ ಮುಗಿಸಿ ಹೊರಗೆ ಬಂದಾಗ ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. ಕಾಕುವಿನ ಮುಖ ಇಳಿದಿತ್ತು. “ಬರಿಯೂದ ಬಾಳ ಕಠಿಣ ಇತ್ತಂತವ್ವಾ, ಎದ್ದ ಬಂದ್ರಂತ” ಎಂದಳು. ಕಾಕಾ ಅವಳಿಗೆ ಹಾಗೆಂದೇ ಹೇಳಿದ್ದರು. ರೊಟ್ಟಿಯ ಗಂಟು ಬಿಚ್ಚಿ ನನ್ನ ಮುಂದೆ ಸರಿಸಿದರು.

“ತಗೋರಿ. ಹಸದೀರಿ, ಉಣ್ಣರಿ.”

ಸಣ್ಣವಳಿದ್ದಾಗಿನಿಂದ ನನ್ನನ್ನು ನೀ ಎಂದವರು, ಯವ್ವಾ ಎಂದವರು. ಅವತ್ತಿನಿಂದ ಅವರು ನನಗೆ ‘ರೀ’ ಹಚ್ಚಿಯೇ ಮಾತಾಡಿದರು. ಬರ್ರಿ ಬಾಯಾರ, ಕುಂಡ್ರರಿ ಬಾಯಾರ, ಪರಮನೆಯ ದೊಡ್ಡ ಹೆಂಗಸನ್ನು ಕರೆದ ಹಾಗೆ. ಅವ್ವನಿಗೆ ಅದು ಹೆಮ್ಮೆ, ಮಗಳು ಡಾಕ್ಟರಾಗುತ್ತಾಳೆಂದು ಫಿಟ್ಟರ್ ಎಷ್ಟು ಮರ್ಯಾದೆ ಕೊಡುತ್ತಾನೆ ನೋಡು ಎಂದು ಮಂದಿಗೆ ಹೇಳಿಕೊಂಡು ಬಂದಳು. ಚೀನೀ ಭಾಷೆಯ ಒಂದು ಮಾತನ್ನೂ ಅವರು ಮತ್ತೆ ನನ್ನ ಜೊತೆ ಆಡಲಿಲ್ಲ.

ನಾನು ಪಾಸಾದೆ. ಕೇಳುವ ಭಾಗದಲ್ಲಿ ನೂರಕ್ಕೆ ತೊಂಬತ್ತು ದಾಟಿತ್ತು. ಪೇಡೆ ತೆಗೆದುಕೊಂಡು ಹೋದರೆ “ಛಲೋ ಆತ್ರಿ” ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಮುಂದಿನ ಸಲ ಮತ್ತೆ ಕೂಡೋಣ ಕಾಕಾ ಎಂದೆ. “ನೀವ ಬರೀರಿ. ನಂದ ಆತು” ಎಂದರು. ಅಷ್ಟರಲ್ಲಿ ಗಿರಣಿಯವರು ನಾಲ್ಕನೇ ಮಟ್ಟದ ಕಾಗದವಿದ್ದ ಹೊರಗಿನ ಹುಡುಗನೊಬ್ಬನನ್ನು ಇಟ್ಟುಕೊಂಡಿದ್ದರು. ಕಾಕಾ ಶೆಡ್ಡಿಗೇ ಮರಳಿದರು. ಮಗ್ಗ ಕೆಟ್ಟಾಗ ಗಿರಣಿಯಿಂದ ಅವರಿಗೆ ಕರೆ ಬರುತ್ತಿತ್ತು. ಚೀನಾದ ಇಂಜಿನಿಯರು ವಿಡಿಯೋದಲ್ಲಿ ಮಾತಾಡುತ್ತಿದ್ದರೆ, ಇವರು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕಕ್ಕೆ ನಿಂತು ಆ ಹುಡುಗನ ಕಿವಿಯಲ್ಲಿ ಅರ್ಥ ಹೇಳಬೇಕು. ಗಾಜಿನ ಕೋಣೆಯಲ್ಲಿ ಒಂದೇ ಕುರ್ಚಿ ಇತ್ತಂತೆ. ಇದನ್ನು ಕಾಕು ನನಗೆ ಫೋನಿನಲ್ಲಿ ಹೇಳಿದಾಗ ನಾನು ಚೀನಾದ ಆಸ್ಪತ್ರೆಯಲ್ಲಿ ಇಂಟರ್ನ್. ಹಳ್ಳಿಯಿಂದ ಬಂದ ಮುದುಕರ ಮಾತು ನಮ್ಮ ತಂಡದಲ್ಲಿ ನನಗೊಬ್ಬಳಿಗೇ ತಿಳಿಯುತ್ತದೆ ಎಂದು ಅಲ್ಲಿಯ ದೊಡ್ಡ ಡಾಕ್ಟರು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಕೆ ಬರುತ್ತಿತ್ತು.

ಮುಗಿಸಿ ಊರಿಗೆ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ಮೂಗಿಗೆ ಆಮ್ಲಜನಕದ ನಳಿಗೆ. ನಾನು ಎದೆಗೆ ಸ್ಟೆತೊಸ್ಕೋಪ್ ಇಟ್ಟೆ. ಕೇಳಿದ್ದು ಏನೆಂದು ಗೊತ್ತಾಯಿತು, ಹೇಳುವಂಥದ್ದೇನೂ ಇರಲಿಲ್ಲ. ಕಾಕು ಒಳಗೆ ಹೋದ ಹೊತ್ತಿಗೆ ಅವರ ಕೈ ಹಿಡಿದು ಅವರದೇ ಭಾಷೆಯಲ್ಲಿ, ಅವರೇ ತಿದ್ದಿ ಕಲಿಸಿದ ಸ್ವರದಲ್ಲಿ ಹೇಳಿದೆ, ಶೀಫು, ದುಯ್ ಬು ಛಿ. ಉಸ್ತಾದರೇ, ನನ್ನದು ತಪ್ಪಾಯಿತು.

ಅವರು ಉಸಿರು ಕೂಡಿಸಿಕೊಂಡು ಹೇಳಿದರು:

“ಆ ಭಾಷಾ ನನಗ ಬರಂಗಿಲ್ಲರಿ ಬಾಯಾರ. ಬರತೈತಿ ಅನ್ನೂ ಕಾಗದ ನಿಮ್ಮ ಹತ್ರ ಐತಿ.”

ನಾಲ್ಕನೇ ದಿನ ಹೋದರು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಕಾಕು ನನ್ನನ್ನು ಕರೆಸಿಕೊಂಡಳು. ಕದ ಮುಂದೆ ಮಾಡಿ ಎದುರಿಗೆ ಕೂತು ಕೇಳಿದಳು, “ಒಂಬತ್ತ ತಿಂಗಳ ಹಗಲು ರಾತ್ರಿ ಓದಿದ ಮನಶಾ, ಬರಿಯೂದ ಕಠಿಣ ಆತಂತ ಅಷ್ಟ ಲಗೂ ಎದ್ದ ಬರೂದಿಲ್ಲವ್ವಾ. ಒಳಗ ಏನಾತು? ನೀ ಬಾಜೂಕ ಇದ್ದಿ. ನನಗ ಹೇಳು.”

“ನನಗ ಗೊತ್ತಿಲ್ಲ ಕಾಕು. ನಾ ನನ್ನ ಪೇಪರ ನೋಡಾಕ ಹತ್ತಿದ್ದೆ” ಎಂದೆ.

ಗೊತ್ತಿದ್ದುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಕಾಕುವಿಗೆ ಓದಲು ಬರುವುದಿಲ್ಲ.