ಬಸಣ್ಣನ ಲೇತಿಗೆ ನನ್ನ ಕೊಡುಗೆ

ಪೀಣ್ಯದಲ್ಲಿ ಮರಗೆಲಸದ ಮಷೀನುಗಳ ರಿಪೇರಿ ನನ್ನ ಕೆಲಸ. ಒಂದು ಫರ್ನಿಚರ್ ಕಾರ್ಖಾನೆಯಲ್ಲಿ ಮರ ಕಡೆಯುವ ಹೊರದೇಶದ ಲೇತು ಮೂರು ದಿನದಿಂದ ಕೆಟ್ಟು ನಿಂತಿತ್ತು. ನಾನು ಮ್ಯಾನುಯಲ್ ಹಿಡಿದು ಅದರ ಮುಂದೆ ಕೂತಿದ್ದೆ. ಪಕ್ಕದ ಶೆಡ್ಡಿನಲ್ಲಿ ಗದಗಿನ ಬಡಗಿ ಬಸಣ್ಣ ಮಾತ್ರ ಸರಸರ ಲಟ್ಟಣಿಗೆ ಕಡೆದು ಗುಡ್ಡೆ ಹಾಕುತ್ತಿದ್ದ. ಅವನ ಲೇತು ಅವನೇ ಮಾಡಿಕೊಂಡಿದ್ದು: ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ಮೋಟಾರು, ಹಳೇ ಹೊಲಿಗೆ ಮಷೀನಿನ ಸ್ಟ್ಯಾಂಡು.

ನನಗೆ ಹೊಟ್ಟೆ ಉರಿಯಿತು. ತಪ್ಪು ಹುಡುಕಲೆಂದೇ ಅದರ ಸುತ್ತ ಎರಡು ಸಲ ತಿರುಗಿದೆ.

"ಬೆಲ್ಟಿಗೆ ಕವರೇ ಇಲ್ವಲ್ರೀ! ಕೈ ಹೋಗುತ್ತೆ. ಇದನ್ನ ಮಷೀನ್ ಅಂತಾರಾ ಯಾರಾದ್ರೂ?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಬಸಣ್ಣ ಕೆಲಸ ನಿಲ್ಲಿಸಿ ನೋಡಿದ. "ಖರೆ ಐತ್ರಿ ಸರ, ನನಗ ಹೊಳದಿದ್ದಿಲ್ಲ."

ಮರುದಿನ ಬೆಲ್ಟಿನ ಮೇಲೆ ಅವನ ಹೆಂಡತಿಯ ಹಳೇ ರೊಟ್ಟಿ ಹಂಚು ಭದ್ರವಾಗಿ ಕೂತಿತ್ತು. ನೋಡಲು ಬಂದವರಿಗೆಲ್ಲ ಅವನು ನನ್ನನ್ನು ತೋರಿಸಿ, "ಈ ಸರ ಹೇಳಿಕೊಟ್ಟಾರ್ರಿ" ಅನ್ನುತ್ತಿದ್ದ. ಎಲ್ಲರೂ ನನ್ನ ಕೈ ಕುಲುಕಿದರು.

ಇಷ್ಟು ವರ್ಷದ ಸರ್ವೀಸಿನಲ್ಲಿ ಜನ ನನ್ನನ್ನು ಬಾಯ್ತುಂಬ ಹೊಗಳಿದ್ದು ಅದೊಂದೇ ಸಲ. ಅದೂ ಒಂದು ಹಂಚಿಗಾಗಿ.