ರವೆಯ ಮೇಲೆ ಅವ್ವನ ದನಿ

ನಾನು ಶಿರಾ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂದರೆ ನನ್ನ ಪೀರಿಯಡ್ಡುಗಳನ್ನು ಗಣಿತದವರು ತಗೊಳ್ಳುತ್ತಾರೆ, ದೂರವಿದ್ದರೆ ವಿಜ್ಞಾನದವರು. ಹೀಗಾಗಿ ಕಲೆಯ ಬಗ್ಗೆ ಯೋಚಿಸಲು ನನಗೆ ಬೇಕಾದಷ್ಟು ಬಿಡುವು.

ಎರಡು ವರ್ಷದ ಹಿಂದೆ ಮನೆಯ ಕಡಲೆಕಾಯಿ ಸುಲಿಸಲು ಮಿಲ್ಲಿಗೆ ಹೋಗಿದ್ದೆ. ಯಂತ್ರ ಗಡಗಡ ಅದುರುತ್ತಿತ್ತು. ಅದರ ತಗಡಿನ ಮುಚ್ಚಳದ ಮೇಲೆ ಹೊಟ್ಟಿನ ಧೂಳು ಹೇಗೆಂದರೆ ಹಾಗೆ ಬಿದ್ದಿರಲಿಲ್ಲ. ಬಳುಕುವ ಗೆರೆಗಳಾಗಿ ಕೂತಿತ್ತು. ಕೈಯಿಂದ ಒರೆಸಿದೆ. ನೋಡನೋಡುತ್ತಲೇ ಹೊಸ ಧೂಳು ಬಂದು ಅದೇ ಗೆರೆಗಳ ಮೇಲೆ ಸೇರಿಕೊಂಡಿತು. ಮತ್ತೆ ಒರೆಸಿದೆ, ಮತ್ತೆ ಬಂತು.

ಮಿಲ್ಲಿನ ಯಜಮಾನರಿಗೆ ನನ್ನ ಅವಸ್ಥೆ ನೋಡಲಾಗಲಿಲ್ಲ. "ಛೋಡೋ ಸಾರ್, ಮಿಲ್ಲು ಅಂದ್ಮೇಲೆ ಧೂಳು ಇರ್ತದೆ," ಎಂದು ಒಂದು ಬಟ್ಟೆ ಕೊಟ್ಟರು.

ಮರುದಿನ ವಿಜ್ಞಾನದ ಮೇಡಂ ಹತ್ತಿರ ಕೇಳಿದೆ. ತಗಡಿನ ಎಲ್ಲ ಜಾಗವೂ ಒಂದೇ ಸಮ ಅದುರುವುದಿಲ್ಲ, ಅದುರದ ಜಾಗಕ್ಕೆ ಧೂಳು ಹೋಗಿ ನಿಲ್ಲುತ್ತದೆ, ಸದ್ದು ಬದಲಾದರೆ ಗೆರೆಯೂ ಬದಲಾಗುತ್ತದೆ ಎಂದರು. ಆಮೇಲೆ, "ಸಿಲಬಸ್ಸಲ್ಲಿ ಇಲ್ಲ, ತಲೆ ಕೆಡಿಸ್ಕೋಬೇಡಿ," ಎಂದು ಸಮಾಧಾನವನ್ನೂ ಹೇಳಿದರು.

ತಲೆ ಕೆಟ್ಟಾಗಿತ್ತು. ಖಾಲಿ ಪೇಂಟ್ ಡಬ್ಬದ ಬಾಯಿಗೆ ದೊಡ್ಡ ಕಪ್ಪು ಬಲೂನನ್ನು ಕತ್ತರಿಸಿ ಬಿಗಿದೆ. ಪಕ್ಕದಲ್ಲಿ ತೂತು ಕೊರೆದು ನಲ್ಲಿಯ ಬೆಂಡ್ ಪೈಪು ಸಿಕ್ಕಿಸಿದೆ. ಬಲೂನಿನ ಮೇಲೆ ಜರಡಿ ಹಿಡಿದ ಸಣ್ಣ ರವೆ ಉದುರಿಸಿ, ಪೈಪಿಗೆ ಬಾಯಿಟ್ಟು ರಾಗ ಎಳೆದರೆ ರವೆ ಕುಣಿದು ಚಿತ್ರವಾಗುತ್ತದೆ. ಅದರ ಮೇಲೆ ಗೋಂದು ಸವರಿದ ಕಪ್ಪು ಕಾಗದವನ್ನು ಮೆಲ್ಲಗೆ ಒತ್ತಿ ತೆಗೆದರೆ ಚಿತ್ರ ಕಾಗದಕ್ಕೆ ಬರುತ್ತದೆ. ನನ್ನ ಹೆಂಡತಿ 'ಹೂಂ' ಎಂದು ಗುನುಗಿದರೆ ಎರಡು ಬಳೆ ಮೂಡುತ್ತಿದ್ದವು. ನಾನು ಗುನುಗಿದರೆ ಏನೋ ಒಂದು ಮೂಡಿದ ಹಾಗೆ ನನಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ.

ಇಲ್ಲಿ ಅವ್ವನ ವಿಷಯ ಹೇಳಬೇಕು. ಅವ್ವ ಪಾವಗಡದ ಕಡೆಯ ಕುರಿ ಕಾಯುವ ಮನೆಯವಳು. ಮದುವೆಗೆ ಮುಂಚೆಯೂ ಆಮೇಲೂ ಕುರಿ ಮೇಯಿಸಿದವಳು. ಈಗ ನಮ್ಮ ಜೊತೆಗೇ ಇದ್ದಾಳೆ. ನಮ್ಮಿಬ್ಬರ ನಡುವೆ ವರ್ಷಗಳಿಂದ ಒಂದೇ ವ್ಯಾಜ್ಯ: ಅವಳಿಗೆ ಕಿವಿ ಕೇಳುವುದಿಲ್ಲ ಎಂದು ನಾನು, ನಾನು ಬಾಯಿ ಬಿಡುವುದಿಲ್ಲ ಎಂದು ಅವಳು. ಕಿವಿ ಡಾಕ್ಟರ ಹೆಸರೆತ್ತಿದರೆ, "ಏಮಿರಾ, ನಾನೇನು ಕಿವುಡೀನಾ?" ಎಂದು ತವರಿನ ತೆಲುಗಿನಲ್ಲಿ ಜಗಳ ಶುರು ಮಾಡುತ್ತಿದ್ದಳು.

ಒಂದು ಭಾನುವಾರ ಅವ್ವ ಬಂದು ನಿಂತಳು. "ಇದೇನ್ಲಾ, ರವೆ ದಂಡ ಮಾಡ್ತಾ ಕುಂತಿದ್ದೀಯ?"

ನಾನು ಸದ್ದು, ಅದುರು ಎಂದೆಲ್ಲ ವಿವರಿಸಿದೆ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಹೆಂಡತಿ ಅವಳನ್ನು ಪೈಪಿನ ಮುಂದೆ ಕೂರಿಸಿ, "ಅತ್ತೆ, ಕುರಿ ಕರೀತಿದ್ರಲ್ಲ, ಅಂಗೆ ಕೂಗಿ," ಎಂದಳು.

ಅವ್ವ ಕೂಗಿದಳು. ಅರ್ಧ ರವೆ ನನ್ನ ಮುಖಕ್ಕೆ ಹಾರಿತು. ಉಳಿದದ್ದು ತಿರುಗಿ, ಒದ್ದಾಡಿ, ಎಂಟೆಸಳಿನ ಹೂವಾಗಿ ನಿಂತಿತು. ಅಷ್ಟು ಚೊಕ್ಕ ಗೆರೆಯನ್ನು ನಾನು ಡಿಪ್ಲೊಮಾದಲ್ಲೂ ಎಳೆದಿರಲಿಲ್ಲ.

ಅವ್ವ ಬಗ್ಗಿ ನೋಡಿದಳು. "ಇದು ನಂದಾ?"

"ನಿಮ್ಮದೇ ಅತ್ತೆ," ಎಂದಳು ಹೆಂಡತಿ.

ಮರಿಗಳನ್ನು ಕರೆಯುವುದು ಒಂದು, ನೀರಿಗೆ ತಿರುಗಿಸುವುದು ಒಂದು, ತೋಟಕ್ಕೆ ನುಗ್ಗಿದ ಟಗರನ್ನು ಬೈಯುವುದು ಇನ್ನೊಂದು. ಒಂದೊಂದನ್ನೂ ಕೂಗಿದಳು, ಒಂದೊಂದಕ್ಕೂ ಬೇರೆ ಬೇರೆ ಚಿತ್ರ ಬಂತು. ಕೂಗಿ ಕೂಗಿ ಸುಸ್ತಾಗಿ ಗೋಡೆಗೊರಗಿ, ಸೊಸೆಗೆ ಮೆತ್ತಗೆ ಹೇಳಿದಳು: "ಈಚೀಚೆಗೆ ನನ್ನ ಕೂಗು ನಂಗೇ ಸರ್ಯಾಗಿ ಕೇಳ್ಸಾಕಿಲ್ಲ ಕಣಮ್ಮ. ಇಂಗಾದ್ರೂ ಕಂಡ್ತಲ್ಲ."

ವ್ಯಾಜ್ಯ ನಾನು ಗೆದ್ದಿದ್ದೆ. ಆದರೆ ಆ ಹೊತ್ತಿನಲ್ಲಿ ಗೆದ್ದೆ ಅನ್ನಿಸಲಿಲ್ಲ. ಅಷ್ಟರಲ್ಲಿ ಅವ್ವನಿಗೂ ತಾನು ಒಪ್ಪಿಕೊಂಡುಬಿಟ್ಟದ್ದು ಹೊಳೆಯಿತು. ಎದ್ದು ಕೂತು, "ಈಗ ನೀನು ಮಾತಾಡ್ಲಾ," ಎಂದಳು.

ನಾನು ಪೈಪಿಗೆ ಬಾಯಿಟ್ಟು, "ಅವ್ವ, ಊಟ ಆಯ್ತಾ?" ಎಂದೆ. ರವೆ ಅಲುಗಲಿಲ್ಲ. ಇನ್ನೊಂದು ಸಲ ಕೇಳಿದೆ. ಒಂದು ಕಾಳು ಜರುಗಿತು, ಅದೂ ಫ್ಯಾನಿನ ಗಾಳಿಗಿರಬೇಕು.

"ನೋಡ್ದಾ? ರವೆಗೂ ಕೇಳ್ಸಾಕಿಲ್ಲ!" ಅವ್ವ ಸೊಸೆಯ ತೊಡೆ ತಟ್ಟಿ ನಕ್ಕಳು. "ರವೆನೂ ಕಿವುಡಾ ಏನ್ಲಾ?"

ಅವ್ವನ ಕೂಗುಗಳಲ್ಲಿ ಹನ್ನೆರಡನ್ನು ಕಾಗದಕ್ಕೆ ಇಳಿಸಿ, ಡಬ್ಬದ ಸಮೇತ ಮಧುಗಿರಿಯ ಶಿಕ್ಷಕರ ಪ್ರದರ್ಶನಕ್ಕೆ ಒಯ್ದೆ. ಅವ್ವನೂ ಹೊಸ ಸೀರೆ ಉಟ್ಟು ಬಸ್ಸು ಹತ್ತಿದಳು. ಚಿತ್ರಕಲೆಯ ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು, "ಇದನ್ನ ಬರೆದಿರೋದು ನೀವಲ್ಲ, ರವೆ. ವಿಜ್ಞಾನಕ್ಕೆ ಹೋಗಿ," ಎಂದರು. ವಿಜ್ಞಾನದವರು, "ಅಂದವಾಗಿದೆ, ಆದ್ರೆ ಅಳತೆ ಎಲ್ಲಿ? ಡ್ರಾಯಿಂಗಿಗೆ ಹೋಗಿ," ಎಂದರು. ಕೊನೆಗೆ ಎರಡು ಕೋಣೆಗಳ ನಡುವೆ, ಕುಡಿಯುವ ನೀರಿನ ಕ್ಯಾನಿನ ಪಕ್ಕ ಒಂದು ಮೇಜು ಸಿಕ್ಕಿತು.

ನೀರು ಕುಡಿಯಲು ಎಲ್ಲರೂ ಅಲ್ಲಿಗೇ ಬರಬೇಕಿತ್ತು. ಅವ್ವ ಪೈಪಿಗೆ ಬಾಯಿಟ್ಟು ಒಂದು ಸಲ ಕೂಗಿದ್ದೇ ತಡ, ಕಾರಿಡಾರು ತುಂಬಿತು. ತಮ್ಮ ದನಿ ನೋಡಿಕೊಳ್ಳಲು ಟೀಚರುಗಳು ಸಾಲು ನಿಂತರು. ಅವ್ವನೇ ಉಸ್ತುವಾರಿ: "ನಿಂದು ತೆಳ್ಳಗೈತೆ, ಹೊಟ್ಟೆಯಿಂದ ಕೂಗು. ನೀನು ಜಾಗ ಬುಡು." ಸಾಲಿನ ಕೊನೆಯಲ್ಲಿ ಚಿತ್ರಕಲೆಯ ತೀರ್ಪುಗಾರರೂ ಇದ್ದರು. ತಮ್ಮ ದನಿಗೆ ಬಂದು ಕಾಗದಕ್ಕಿಳಿದ ಚಕ್ರವನ್ನು ನೋಡಿ ಮುಖ ಅರಳಿಸಿ, "ಇದನ್ನ ನಾನು ತಗೊಂಡು ಹೋಗ್ಲಾ?" ಎಂದರು.

"ಬರೆದಿರೋದು ನಾನಲ್ಲ ಸಾರ್, ರವೆಯನ್ನೇ ಕೇಳಿ," ಎಂದೆ. ಎಷ್ಟು ಮೆಲ್ಲಗೆ ಎಂದೆನೆಂದರೆ, ಅವರು ಥ್ಯಾಂಕ್ಸ್ ಹೇಳಿ ತಗೊಂಡು ಹೋದರು.

ಮೊದಲ ಬಹುಮಾನ ಥರ್ಮೊಕೋಲಿನ ಸೋಲಾರ್ ಪಾರ್ಕಿಗೆ ಬಂತು. ಪಾವಗಡದಲ್ಲಿ ಕಣ್ಣು ಹಾಯುವವರೆಗೂ ನಿಜವಾದದ್ದೇ ಇದ್ದರೂ ಪ್ರತಿ ವರ್ಷ ಅದಕ್ಕೇ ಬರುತ್ತದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅವ್ವ ತಾನಾಗಿ, "ಡಾಕ್ಟ್ರ ತಾವ ಹೋಗಾಣ. ಆದ್ರೆ ನೀನೂ ತೋರ್ಸ್ಕೋಬೇಕು," ಎಂದಳು. ಡಾಕ್ಟರು ಅವಳ ಎರಡೂ ಕಿವಿ ಸೋತಿವೆ ಎಂದರು. ನನ್ನನ್ನು ಪರೀಕ್ಷಿಸಿ, "ನಿಮಗೇನೂ ಆಗಿಲ್ಲ," ಎಂದರು. ನಾನು ಥ್ಯಾಂಕ್ಸ್ ಹೇಳಿದ್ದಕ್ಕೆ, "ಏನೋ ಅಂದ್ರಲ್ಲ, ಏನು?" ಎಂದು ಕೇಳಿದರು. ಅವ್ವ ಗೆಲುವಿನಿಂದ ನನ್ನ ಮುಖ ನೋಡಿದಳು.

ಕಿವಿಗೆ ಮಿಷನ್ನು ಬಂತು. ಮೊದಲ ದಿನವಿಡೀ ಅವ್ವ ನಾನು ಹೇಳಿದ್ದನ್ನೆಲ್ಲ ಕೂತು ಕೇಳಿದಳು. ಕರೆಂಟು ಬಿಲ್ಲು, ಹೆಡ್ಮೇಷ್ಟ್ರು, ಮಂಡಿನೋವಿನ ಮಾತ್ರೆ. ಸಂಜೆ ಅದನ್ನು ಬಿಚ್ಚಿ ಡಬ್ಬಿಗೆ ಹಾಕುತ್ತ ಕೇಳಿದಳು: "ಇಷ್ಟ್ ವರ್ಸ ನೀನು ಯೋಳ್ತಿದ್ದದ್ದು ಇಷ್ಟೇನಾ?"

ಈಗ ಪಕ್ಕದ ಮನೆಯವಳು ಬಂದರೆ ಹಾಕಿಕೊಳ್ಳುತ್ತಾಳೆ. ನಾನು ಬಾಯಿ ತೆರೆದರೆ ಬಿಚ್ಚಿಡಲು ಅವಳ ಕೈ ಡಬ್ಬಿಯ ಕಡೆಗೆ ಹೋಗುತ್ತದೆ.