ಕೊಪ್ಪೆಯೊಳಗಿನ ಕೈ

ಚಳ್ಳಕೆರೆಯ ಈ ಅಂಗಳದ ತುಂಬ ಹುಣಸೆಬೀಜದ ಗಂಜಿಯ ವಾಸನೆ. ಕಂಬಳಿ ನೇಯುವ ಉಣ್ಣೆಯ ಎಳೆಗಳಿಗೆ ಅದನ್ನು ಬಳಿದು ಬಿಸಿಲಿಗೆ ಬಿಟ್ಟಿದ್ದಾರೆ. ನನ್ನ ಜೊತೆ ಬಂದ ಗೆಳೆಯ ಸಿನಿಮಾ ನಿರ್ದೇಶಕ. ಸ್ಪಾಗೆಟ್ಟಿ ವೆಸ್ಟರ್ನ್ ಎನಿಸಿಕೊಂಡ ಇಟಲಿಯ ಹಳೆಯ ಕೌಬಾಯ್ ಚಿತ್ರಗಳಿಗೆ ಮೊಳಕಾಲ್ಮೂರಿನ ಬಂಡೆಗುಡ್ಡಗಳಲ್ಲಿ ಮತ್ತೆ ಜೀವ ಕೊಡಬೇಕೆಂಬುದು ಅವನ ಹಟ. ಅದು ಆಗದ ಮಾತು ಎಂದು ನಾನು ದಾರಿಯುದ್ದಕ್ಕೂ ವಾದಿಸಿದ್ದೆ.

ಅವನು ಕರಿ ಕಂಬಳಿಯೊಂದನ್ನು ಆರಿಸಿ, ಅದನ್ನು ನೇಯ್ದ ಮುದುಕ ಈರಣ್ಣನವರಿಗೆ ಹೇಳಿದ: "ನಡುವೆ ಕತ್ತರಿಸಿ ಒಂದು ತೂತು ಮಾಡಿಕೊಡಿ. ಆ ಕೌಬಾಯ್‌ಗಳ ಪಾಂಚೊ ಥರ ನಮ್ಮ ಹೀರೊ ತಲೆ ತೂರಿಸಿ ಹಾಕ್ಕೋಬೇಕು."

ಈರಣ್ಣ ಕಂಬಳಿಯನ್ನು ವಾಪಸು ತೆಗೆದುಕೊಂಡರು. "ಕಂಬ್ಳಿಗೆ ಕತ್ರಿ ಹಾಕಂಗಿಲ್ಲ ಸ್ವಾಮಿ. ಇದನ್ನ ಹಾಸಿ ದೇವ್ರು ಕೂರಿಸ್ತೀವಿ."

ಗೆಳೆಯನ ಮುಖ ಬಾಡಿತು. ಈರಣ್ಣ ಕಂಬಳಿಯ ತುದಿ ಮಡಚಿ ಕೊಪ್ಪೆ ಮಾಡಿ ಅವನ ತಲೆಯ ಮೇಲಿಂದ ಇಳಿಬಿಟ್ಟರು. ಮೈಯೆಲ್ಲ ಮುಚ್ಚಿ ಮುಖವಷ್ಟೇ ಉಳಿಯಿತು.

"ಕುರಿ ಕಾಯೋವಾಗ ನಾವು ಹಾಕ್ಕಳದು ಹಿಂಗೆ. ಕೈ ಒಳಗಿರ್ತವೆ. ಏನ್ ಹಿಡ್ಕಂಡಾನೆ ಅಂತ ಎದ್ರಿಗಿದ್ದೋರಿಗೆ ತಿಳಿಯಲ್ಲ."

ಗೆಳೆಯ ನಿಧಾನವಾಗಿ ನನ್ನತ್ತ ತಿರುಗಿದ. ಆ ಚಿತ್ರಗಳಲ್ಲಿನಂತೆ ಪಿಸ್ತೂಲು ಅಡಗಿಸಿಕೊಂಡ ಅಪರಿಚಿತನೊಬ್ಬ ಎದುರು ನಿಂತಂತಾಯಿತು. ನನ್ನ ವಾದ ಅಲ್ಲಿಗೇ ನಿಂತಿತು.

"ನೀವು ಒಳಗೆ ಏನು ಹಿಡ್ಕೋತಿದ್ರಿ?" ಎಂದು ಅವನು ಕೇಳಿದ.

"ತಾಯಿ ಸತ್ತ ಮರಿ" ಎಂದರು ಈರಣ್ಣ. "ಎದೆ ಬಿಸಿಗೆ ಒಂದೊಂದು ಉಳ್ಕಂತಾವೆ."